ನಮ್ಮವರ ಎಡಗಿವಿ, ಅವರ ಅಕ್ಕ ಮತ್ತು ನಾನು

ಫೆಬ್ರುವರಿಯ ಒಂದು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಐನಾಪುರದ ಬಸ್ ನಿಲ್ದಾಣದಿಂದ ನಾವಿಬ್ಬರು ಹೊರಟೆವು. ನಮ್ಮವರ ಎಡಗಿವಿಯ ಹಿಂದೆ, ತಲೆಯ ಒಳಗೆ, ಕೇಳುವ ನರದ ಮೇಲೆ ಒಂದು ಗಡ್ಡೆ ಬೆಳೆದಿತ್ತು. ಕ್ಯಾನ್ಸರ್ ಅಲ್ಲ, ಆದರೆ ಸಣ್ಣದೂ ಅಲ್ಲ. ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು. ತಲೆಬುರುಡೆ ತೆರೆದು ಅದನ್ನು ತೆಗೆಯಬೇಕೋ, ಕತ್ತರಿ ಹಾಕದೆ ಹೊರಗಿನಿಂದಲೇ ಕಿರಣ ಬಿಟ್ಟು ತಡೆಯಬಹುದೋ ಎಂದು ಕೇಳಲು ಪುಣೆಯ ಒಂದು ಆಸ್ಪತ್ರೆಗೆ ಹೋಗುವುದಿತ್ತು. ಎದೆಯ ವಾಲ್ವಿನ ತೊಂದರೆಗೆ ಅವರು ಹತ್ತು ವರ್ಷದಿಂದ ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಾರೆ. ರಕ್ತ ನಿಲ್ಲದೆ ಹೋದೀತೆಂದು ಮನೆಯವರೆಲ್ಲ ಆಪರೇಷನ್ನಿಗೆ ಹೆದರುತ್ತಿದ್ದದ್ದು ಅದಕ್ಕೇ.

ನಾವಿಬ್ಬರು ಹೊರಟೆವು ಎಂದು ಬರೆದೆ. ಆ ಸುಖ ಉಗಾರದವರೆಗೆ ಮಾತ್ರ. ಉಗಾರದಲ್ಲಿ ನಮ್ಮವರ ಅಕ್ಕ ಕುಸುಮಕ್ಕ ಬಸ್ ಹತ್ತಿದರು. ಅವರನ್ನು ಕೊಟ್ಟದ್ದು ಶಿರಗುಪ್ಪಿಗೆ. ಮಕ್ಕಳ ಮದುವೆ ಮುಗಿಸಿ, ಸೊಸೆಗೆ ಅಡುಗೆಮನೆ ಒಪ್ಪಿಸಿ, ಈಗ ತಮ್ಮನ ಕಾಳಜಿ ಮಾಡಲು ಪೂರ್ತಿ ಬಿಡುವಾಗಿರುವ ಹೆಂಗಸು. ಒಂದು ಕೈಯಲ್ಲಿ ಕಾಯಿಸಿ ಆರಿಸಿದ ನೀರಿನ ಕ್ಯಾನು, ಇನ್ನೊಂದರಲ್ಲಿ ನಾಲ್ಕು ಖಾನಿಯ ಊಟದ ಡಬ್ಬಿ. ಹತ್ತಿದವರೇ ಮೂವರು ಕೂಡುವ ನಮ್ಮ ಸೀಟಿಗೆ ಬಂದು, ನಮ್ಮವರನ್ನು ನಡುವೆ ಸರಿಸಿ, ಅವರ ಬಲಕ್ಕೆ ಕುಳಿತರು. ನಾನು ಎಡಕ್ಕಿದ್ದೆ. ಮದುವೆಯಾದ ದಿನದಿಂದ ನಾನು ಎಡಕ್ಕೇ ಇದ್ದೇನೆ. ಪೂಜೆಗೆ ಕೂತರೂ ಎಡಕ್ಕೆ, ಫೋಟೋದಲ್ಲೂ ಎಡಕ್ಕೆ, ಹಾಸಿಗೆಯಲ್ಲೂ ಎಡಕ್ಕೆ. ನಮ್ಮ ಮನೆಯಲ್ಲಿ ಹೆಂಡತಿಯ ಜಾಗ ಅದು. ಅವರ ಆ ಕಡೆಯ ಕಿವಿ ಈಗ ಪೂರ್ತಿ ಸತ್ತಿತ್ತು.

ಹೀಗಾಗಿ ಇಡೀ ದಾರಿ ಅವರ ಕಿವಿ ಕುಸುಮಕ್ಕನದಾಯಿತು. ನಾನು ಏನಾದರೂ ಹೇಳಬೇಕೆಂದರೆ ಅವರ ತೊಡೆ ತಟ್ಟಿ, ಅವರು ಮುಖ ತಿರುಗಿಸಿ, ಬಸ್ಸಿನ ಸದ್ದಿನಲ್ಲಿ ಎರಡು ಸಲ ಕೂಗಬೇಕು. ಕುಸುಮಕ್ಕನಿಗೆ ಪಿಸುಗುಟ್ಟಿದರೂ ಸಾಕು. ಅವರು ಅದೇನು ಪಿಸುಗುಟ್ಟಿದರೋ, ನಮ್ಮವರು ಕುಡಚಿ ಸೇತುವೆಯ ಮೇಲೆ ನಕ್ಕರು. ಗಡ್ಡೆ ಎಂದು ತಿಳಿದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಕೆಳಗೆ ಕೃಷ್ಣೆ ಇಳಿದು ಮಳಲು ಕಾಣುತ್ತಿತ್ತು. ನಾನು ನದಿ ನೋಡುವವಳ ಹಾಗೆ ಕಿಟಕಿಗೆ ಮುಖ ಮಾಡಿದೆ.

ನಮ್ಮ ಕಡೆಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಸೊನ್ನೆ. ಕಂಡಕ್ಟರ್ ನಮ್ಮಿಬ್ಬರ ಆಧಾರ ಕಾರ್ಡು ನೋಡಿ ಎರಡು ಸೊನ್ನೆ ಚೀಟಿ ಹರಿದು, ನಮ್ಮವರಿಂದ ಮಾತ್ರ ದುಡ್ಡು ತೆಗೆದುಕೊಂಡ. ಇಬ್ಬರು ಪುಕ್ಕಟೆ ಹೆಂಗಸರ ನಡುವೆ ತಾನೊಬ್ಬನೇ ದುಡ್ಡು ಕೊಟ್ಟವನು ಎಂದು ಅವರು ಚೇಷ್ಟೆ ಮಾಡಿದರು. ಅದನ್ನು ಹೇಳುವಾಗಲೂ ಬಲಕ್ಕೇ ತಿರುಗಿದ್ದರು.

ರಾಯಬಾಗದಲ್ಲಿ ಬಸ್ ಬದಲಿಸಬೇಕಿತ್ತು. ಕಬ್ಬು ಕಡಿಯುವ ಹಂಗಾಮು; ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲಾಗಿ ಬರುತ್ತಿದ್ದವು. ಒಂದು ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು. ಬಂದದ್ದು ಎಡಗಡೆಯಿಂದ. ನಮ್ಮವರು ಬಲಕ್ಕೆ ನೋಡಿ, ಹಿಂದಕ್ಕೆ ಸರಿಯುವ ಬದಲು ರಸ್ತೆಗೇ ಕಾಲಿಟ್ಟರು. ಒಂದೇ ಕಿವಿಯವರಿಗೆ ಸದ್ದು ಕೇಳುತ್ತದೆ, ಯಾವ ದಿಕ್ಕಿನದೆಂದು ತಿಳಿಯುವುದಿಲ್ಲ. ನಾವಿಬ್ಬರೂ ಅವರ ಒಂದೊಂದು ತೋಳು ಹಿಡಿದು ಎಳೆದೆವು. ಎಳೆದಾದ ಮೇಲೆ ನಾನು ಗಮನಿಸಿದ್ದು ಯಾರ ಕೈ ಮೊದಲು ತಲುಪಿತು ಎಂಬುದನ್ನು. ಗಂಡನ ಜೀವ ಉಳಿದ ಹೊತ್ತಿನಲ್ಲಿ ನಾನು ಇಂಥ ಲೆಕ್ಕದಲ್ಲಿದ್ದೆ. ಮೊದಲು ತಲುಪಿದ್ದು ಅಕ್ಕನ ಕೈ.

ಚಿಕ್ಕೋಡಿಗೆ ಹನ್ನೊಂದರ ಸುಮಾರಿಗೆ ಮುಟ್ಟಿದೆವು. ಗಡ್ಡೆ ಮೊದಲು ಕಂಡುಹಿಡಿದದ್ದು ಇಲ್ಲಿಯ ಕಿವಿ ಡಾಕ್ಟರು. ಅವರ ಚೀಟಿ ಮತ್ತು ಸ್ಕ್ಯಾನಿನ ಫಿಲ್ಮು ಅವರಲ್ಲೇ ಇದ್ದವು. ಹತ್ತಿರದ ಮೀರಜದ ದಾರಿ ಬಿಟ್ಟು ನಾವು ಸುತ್ತು ಹಾಕಿದ್ದು ಅದಕ್ಕಾಗಿ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ತೋರಿಸಿದರು. ಕಪ್ಪು ಬಿಳುಪಿನಲ್ಲಿ ಒಂದು ಬೇದಾಣಿ, ಒಣದ್ರಾಕ್ಷಿ, ನೀರಿನಲ್ಲಿ ಉಬ್ಬಿದಂತೆ ಕಾಣುತ್ತಿತ್ತು. ಸಣ್ಣ ಗಡ್ಡೆಗೆ ಕಿರಣ ಸುಲಭ, ದೊಡ್ಡದಕ್ಕೆ ಸಾಮಾನ್ಯವಾಗಿ ಆಪರೇಷನ್ನೇ ಹೇಳುತ್ತಾರೆ, ಆದರೆ ನಿಮ್ಮ ಎದೆಯ ತೊಂದರೆ ನೋಡಿ ಪುಣೆಯವರೇ ವಿಚಾರ ಮಾಡಲಿ ಎಂದರು. ಲಕೋಟೆಗೆ ನಾನು ಕೈ ಚಾಚಿದೆ. ಡಾಕ್ಟರು ಅದನ್ನು ಕುಸುಮಕ್ಕನ ಕೈಗೆ ಕೊಟ್ಟರು. ಹಿರಿಯರು, ಕೊಟ್ಟದ್ದರಲ್ಲಿ ತಪ್ಪೇನಿಲ್ಲ. ಅವರು ಅದನ್ನು ಪುಣೆಯವರೆಗೂ ಎದೆಗವಚಿಕೊಂಡೇ ಬಂದರು.

ನಿಪ್ಪಾಣಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು, ನಿಲ್ದಾಣದವರೆಗೂ ತಂಬಾಕಿನ ಘಾಟು. ಮಧ್ಯಾಹ್ನ ಒಂದೂವರೆಗೆ ಮಹಾರಾಷ್ಟ್ರದ ಬಸ್ ಸಿಕ್ಕಿತು. ಗಡಿ ದಾಟಿದರೆ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್. ಇಲ್ಲಿ ಎರಡೆರಡರ ಸೀಟು. ಅಕ್ಕತಮ್ಮ ಒಂದರಲ್ಲಿ ಕೂತರು, ನಾನು ಹಿಂದಿನದರಲ್ಲಿ ಒಬ್ಬ ತಂಬಾಕಿನ ವ್ಯಾಪಾರಿಯ ಹೆಂಡತಿಯ ಪಕ್ಕ. ಆಕೆ ನನಗೆ ಮುಂದಿನ ಸೀಟು ತೋರಿಸಿ, ಗಂಡಹೆಂಡತಿ ಎಷ್ಟು ಹೊಂದಿಕೊಂಡಿದ್ದಾರೆ ನೋಡ್ರಿ ಎಂದಳು. ಆಕೆ ಹೆಂಡತಿಯಲ್ಲ, ಅಕ್ಕ. ಹೆಂಡತಿ ನಾನು ಎಂದು ಹೇಳಬೇಕಾಯಿತು. ಪಾಪ, ಆಕೆ ಸಾತಾರದವರೆಗೆ ಮಾತಾಡಲಿಲ್ಲ.

ಸಾತಾರ ದಾಟಿದ ಮೇಲೆ ಬಸ್ ಚಹಾಕ್ಕೆ ನಿಂತಿತು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ನಾವು ಜೈನರು. ಕುಸುಮಕ್ಕ ಡಬ್ಬಿ ಬಿಚ್ಚಿ ಗಡಿಬಿಡಿಯಿಂದ ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳಿನ ಪಲ್ಯ ಬಡಿಸಿದರು. ನಾನೂ ಡಬ್ಬಿ ತಂದಿದ್ದೆ. ನಮ್ಮವರು ಎರಡು ರೊಟ್ಟಿ ತಿನ್ನುವಷ್ಟರಲ್ಲಿ ಬಿಸಿಲು ಹೋಯಿತು. ನನ್ನ ಡಬ್ಬಿ ಬಿಚ್ಚದೇ ಪುಣೆ ಸೇರಿತು.

ಒಂದು ಟ್ರಸ್ಟಿನ ಧರ್ಮಶಾಲೆಯಲ್ಲಿ ಇಳಿದುಕೊಂಡೆವು. ಗಂಡಸರಿಗೆ ಬೇರೆ ಕೋಣೆ, ಹೆಂಗಸರಿಗೆ ಬೇರೆ. ಮರುದಿನ ಹತ್ತಕ್ಕೆ ಆಸ್ಪತ್ರೆಯಲ್ಲಿದ್ದೆವು. ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು, ಮರಾಠಿಯಲ್ಲಿ ಮಾತಾಡಿದರು. ನಮಗೆ ಮೂವರಿಗೂ ಮರಾಠಿ ಬರುತ್ತದೆ. ಐನಾಪುರದಲ್ಲಿ ನಾನು ನಡೆಸುವ, ಸೀರೆಗೆ ಹೊಂದುವ ಕುಪ್ಪಸದ ಬಟ್ಟೆಯ ಮ್ಯಾಚಿಂಗ್ ಸೆಂಟರಿಗೆ ಬರುವ ಅರ್ಧ ಗಿರಾಕಿಗಳ ಮಾತು ಅದೇ. ಆದರೂ ಕುಸುಮಕ್ಕ ಡಾಕ್ಟರ ಪ್ರತಿಯೊಂದು ಮಾತನ್ನೂ ತಮ್ಮನ ಬಲಗಿವಿಗೆ ಕನ್ನಡದಲ್ಲಿ ಹೇಳುತ್ತಿದ್ದರು.

ಡಾಕ್ಟರು ಫಿಲ್ಮು ನೋಡಿದರು, ನಮ್ಮವರನ್ನು ಗೆರೆಯ ಮೇಲೆ ನಡೆಸಿದರು, ಮುಖ ಕಿವುಚಲು ಹೇಳಿದರು. ತಲೆಯಲ್ಲಿ ನೀರು ತುಂಬಿಲ್ಲ, ಒತ್ತಡ ಇದ್ದರೂ ವಿಪರೀತವಲ್ಲ ಎಂದರು. ಇದಕ್ಕೂ ಹಳೆಯದೊಂದು ಸ್ಕ್ಯಾನ್ ಇದೆಯೇ ಎಂದು ಕೇಳಿದರು. ಇರಲಿಲ್ಲ. ಹಾಗಾದರೆ ಎಡಗಿವಿ ಮಂದವಾಗಿ ಎಷ್ಟು ದಿನವಾಯಿತು ಎಂದು ಕೇಳಿದರು.

ದೀಪಾವಳಿಯ ಮುಂಚೆ, ಆರು ತಿಂಗಳಾಗಿರಬಹುದು ಎಂದರು ನಮ್ಮವರು. ಕುಸುಮಕ್ಕ ತಲೆಯಾಡಿಸಿದರು.

ಡಾಕ್ಟರು ಪೆನ್ನು ಕೆಳಗಿಟ್ಟರು. ಇದೊಂದೇ ಮಾತಿನ ಮೇಲೆ ಎಲ್ಲವೂ ನಿಂತಿಲ್ಲ, ಆದರೆ ಆರೇ ತಿಂಗಳ ಕಥೆಯಾಗಿದ್ದು ಗಡ್ಡೆ ಇಷ್ಟು ದೊಡ್ಡದಿದ್ದರೆ ಅದು ಓಡುತ್ತಿದೆ ಎಂಬ ಅನುಮಾನ ಬರುತ್ತದೆ. ಓಡುವುದಕ್ಕೆ ಕಿರಣ ಕೊಟ್ಟು ಕಾಯುತ್ತ ಕೂಡಲು ನಾನು ಹೆದರುತ್ತೇನೆ, ಎದೆಯ ಡಾಕ್ಟರನ್ನು ಜೊತೆಗಿಟ್ಟುಕೊಂಡು ತೆರೆಯುವುದೇ ವಾಸಿ ಎಂದರು. ನಮ್ಮವರ ಮುಖ ಬೂದಿಯಾಯಿತು.

ಆರು ತಿಂಗಳಲ್ಲ ಎಂದು ನನಗೆ ಗೊತ್ತಿತ್ತು. ದಿನ ಸಮೇತ ಗೊತ್ತಿತ್ತು. ಆದರೆ ಅದನ್ನು ಹೇಳಬೇಕೆಂದರೆ ಹೇಗೆ ಗೊತ್ತೆಂದು ಹೇಳಬೇಕು, ಅದೂ ಕುಸುಮಕ್ಕನ ಎದುರು. ಮೂರು ವರ್ಷ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡ ಉರಿಯನ್ನು ಅವರ ಉಡಿಗೇ ಸುರಿಯುವುದು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತದೆ, ಇವರ ತಲೆ ಒಡೆಯುತ್ತಾರೆ. ಇಷ್ಟು ಸರಳವಿದ್ದರೂ ನಾನು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಸುಮ್ಮನೇ ಇದ್ದೆ. ಅದನ್ನು ಮುಚ್ಚಿಡಲಾರೆ.

"ಆರು ತಿಂಗಳಲ್ಲರಿ," ಎಂದೆ. ಮರಾಠಿ ಮರೆತು ಕನ್ನಡವೇ ಬಂತು. "ಮೂರು ವರ್ಷ ಆತು. ಅಕ್ಕಾರ ಮಗಳ ಲಗ್ನದಾಗಿನಿಂದ."

ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದೆ. ಹೇಗೆ ಗೊತ್ತು ಎಂದರು ಡಾಕ್ಟರು. ಹೇಳಿದೆ. ಶಿರಗುಪ್ಪಿಯಲ್ಲಿ ಮದುವೆಯ ಚಪ್ಪರದಲ್ಲಿ ನಾನು ಇವರ ಎಡಕ್ಕೆ ಕೂತು, ನಿಮ್ಮ ಅಕ್ಕ ಎಲ್ಲರಿಗೂ ಜರಿ ಸೀರೆ ಕೊಟ್ಟು ನನಗೊಬ್ಬಳಿಗೆ ಬಣ್ಣ ಬಿಡುವ ಸೀರೆ ಕೊಟ್ಟಿದ್ದಾರೆ ಎಂದು ಕಿವಿಯಲ್ಲಿ ಹೇಳಿದೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಕ್ಕನ ಪರ ಎಂದುಕೊಂಡೆ. ಬೈಕಿನ ಹಿಂದೆ ಎಡಕ್ಕೆ ಕಾಲು ಬಿಟ್ಟು ಕೂತರೆ ನನ್ನ ಬಾಯಿ ಅವರ ಎಡಗಿವಿಯ ಹತ್ತಿರವೇ ಬರುತ್ತದೆ. ಅಥಣಿಯವರೆಗೆ ಮಾತಾಡಿದರೂ ಉತ್ತರವಿಲ್ಲ. ಮತ್ತೆ ಫೋನು. ಅವರು ಯಾವಾಗಲೂ ಎಡಗಿವಿಗೆ ಫೋನು ಹಿಡಿಯುತ್ತಿದ್ದರು. ದಿನಾ ಸಂಜೆ ಕುಸುಮಕ್ಕನ ಫೋನು ಬರುತ್ತದೆ. ಆ ಮದುವೆಯಾಗಿ ಒಂದು ತಿಂಗಳಿಗೆ ಫೋನು ಬಲಗಿವಿಗೆ ಹೋಯಿತು. ಎಡಕ್ಕೆ ಕೂತ ನನಗೆ ಅಕ್ಕನ ಮಾತು ಕೇಳಬಾರದೆಂದು ಹಾಗೆ ಮಾಡಿದ್ದಾರೆ ಎಂದುಕೊಂಡೆ. ಇದನ್ನೆಲ್ಲ ಹೇಳುವಾಗ ನನ್ನ ದೃಷ್ಟಿ ಮೇಜಿನ ಕಾಲಿನ ಮೇಲಿತ್ತು.

ಡಾಕ್ಟರು ನಗಲಿಲ್ಲ. ಫೋನಿನ ಕಿವಿ ಬದಲಾಗುವುದು ಈ ರೋಗದಲ್ಲಿ ಎಷ್ಟೋ ಮಂದಿ ಹೇಳುವ ಮಾತು, ಆದರೆ ತಾರೀಖು ಇಷ್ಟು ನೆನಪಿಟ್ಟವರು ಕಡಿಮೆ ಎಂದು ಬರೆದುಕೊಂಡರು. ನಾನು ಹೊಟ್ಟೆಕಿಚ್ಚಿನಿಂದ ಎಣಿಸಿದ ದಿನಗಳು ಅವರ ಕಾಗದದಲ್ಲಿ ರೋಗದ ಇತಿಹಾಸವಾದವು.

ಆಗ ಕುಸುಮಕ್ಕ ಕುರ್ಚಿ ಮುಂದಕ್ಕೆ ಸರಿಸಿದರು.

"ಆಕಿ ಹೇಳೋದು ಖರೆ ಐತಿ," ಎಂದರು. "ಕಿವಿಯೊಳಗ ಗುಂಯ್ ಅಂತೈತಿ ಅಂತ ಅಂವಾ ನನಗ ಆವಾಗನ ಹೇಳಿದ್ದ. ಯಾರಿಗೂ ಹೇಳಬ್ಯಾಡ ಅಂದಿದ್ದ. ನಾ ಎಣ್ಣಿ ಹಾಕ್ಕೋ ಅಂದಿದ್ದೆ."

ಆರು ತಿಂಗಳು ಎಂದು ಆಗತಾನೇ ತಲೆಯಾಡಿಸಿದ್ದ ಹೆಂಗಸು ಇದು. ತಮ್ಮನಿಗೆ ಕೊಟ್ಟ ಮಾತು ಡಾಕ್ಟರ ಎದುರೂ ಮುರಿಯಬಾರದೆಂದು ತಲೆಯಾಡಿಸಿದ್ದರಂತೆ. ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ಮತ್ಸರ. ಮೂರು ವರ್ಷ ನಾನು ಇಲ್ಲದ್ದನ್ನು ಊಹಿಸಿಕೊಂಡು ಸುಟ್ಟುಕೊಂಡೆ ಎಂದು ಈಗಷ್ಟೇ ನಾಚಿದ್ದೆ. ನೋಡಿದರೆ ಊಹೆಯಲ್ಲ, ಇವರು ನಿಜಕ್ಕೂ ಅಕ್ಕನಿಗೆ ಹೇಳಿ ನನಗೆ ಹೇಳಿರಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಕಟ್ಟೆಯ ಮೇಲೆ ಇವರನ್ನು ಒಬ್ಬರನ್ನೇ ಕೂರಿಸಿದೆ. ಕುಸುಮಕ್ಕ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದರು. ಈ ಸಲ ಬಲಕ್ಕೆ ಹೋಗಿ ಕೂತು, ನನಗ ಯಾಕ ಹೇಳಲಿಲ್ಲ ಎಂದು ಕೇಳಿದೆ.

"ಆವಾಗ ನೀ ನನ್ನ ಜೋಡಿ ಮಾತಾಡ್ತಿರಲಿಲ್ಲ, ಶೋಭಾ," ಎಂದರು.

ನಿಜ. ಆ ಮದುವೆಯ ನಂತರ ಸೀರೆಯ ಸಿಟ್ಟಿಗೆ ನಾನು ಹದಿನೈದು ದಿನ ಮಾತು ಬಿಟ್ಟಿದ್ದೆ. ಕಿವಿಯಲ್ಲಿ ಗುಂಯ್‌ಗುಟ್ಟುವುದು ಶುರುವಾದ ಮನುಷ್ಯ ಮನೆಯಲ್ಲಿ ಮಾತಿಗೆ ಯಾರೂ ಇಲ್ಲದೆ ಅಕ್ಕನಿಗೆ ಫೋನು ಮಾಡಿದ್ದ. ಆಮೇಲೆ ನನಗೆ ಹೇಳಲು ನಾಚಿ, ಡಾಕ್ಟರ ಎದುರೂ ಕಿವಿ ಪೂರ್ತಿ ಹೋದ ದಿನದಿಂದಲೇ ಲೆಕ್ಕ ಹೇಳಿದ್ದ. ನಾನೇ ಬಾಗಿಲು ಹಾಕಿ, ಒಳಗೆ ಯಾಕೆ ಬರಲಿಲ್ಲ ಎಂದು ಮೂರು ವರ್ಷ ಕೇಳಿದ್ದೆ. ಸಾಲಿನಲ್ಲಿ ಕುಸುಮಕ್ಕ ತಿರುಗಿ ನೋಡಿ, ನನ್ನನ್ನು ಬಲಗಡೆ ಕಂಡು, ಮುಖ ಮುಂದೆ ಮಾಡಿಕೊಂಡರು.

ಮರುದಿನ ಡಾಕ್ಟರುಗಳೆಲ್ಲ ಕೂತು ಮಾತಾಡಿ, ಗಡ್ಡೆ ನಿಧಾನವಾಗಿ ಬೆಳೆದದ್ದಾದ್ದರಿಂದ ಕಿರಣವೇ ಎಂದು ತೀರ್ಮಾನಿಸಿದರು. ಒಂದೇ ಸಲಕ್ಕಲ್ಲ, ಗಡ್ಡೆ ದೊಡ್ಡದಾದ್ದರಿಂದ ಐದು ಪಾಲು ಮಾಡಿ, ಐದು ದಿನ. ಡಾಕ್ಟರು ಏನನ್ನೂ ಸಿಹಿ ಮಾಡಿ ಹೇಳಲಿಲ್ಲ. ಗಡ್ಡೆ ಮಾಯವಾಗುವುದಿಲ್ಲ, ಬೆಳೆಯುವುದು ನಿಲ್ಲಬೇಕು, ಅಷ್ಟೇ ಗುರಿ. ಮೊದಲ ಕೆಲವು ತಿಂಗಳು ಉಬ್ಬಲೂಬಹುದು. ಮುಖ ಜೋಮು ಹಿಡಿಯಬಹುದು, ವಾಲಬಹುದು, ನೀರು ತುಂಬಬಹುದು. ಆರು ತಿಂಗಳಿಗೆ ಸ್ಕ್ಯಾನ್. ನಿಲ್ಲದಿದ್ದರೆ ಆಪರೇಷನ್ ಇದ್ದೇ ಇದೆ. ಹೋದ ಕಿವಿ ಬರುವುದಿಲ್ಲ. ಕಿರಣ ಬಿಟ್ಟರೆ ಕಿವಿ ತೆರೆಯುತ್ತದೆ ಎಂದೇ ನಾವು ಊರಿನಿಂದ ಬಂದಿದ್ದೆವು. ನಮ್ಮವರು ಎಡಗಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಅಂದೇ ಮುಖವಾಡ ಮಾಡಿದರು. ಬಿಸಿನೀರಿನಲ್ಲಿ ಮೆತ್ತಗಾದ ಜಾಳಿಗೆಯಂಥ ಪ್ಲಾಸ್ಟಿಕ್ಕನ್ನು ಮುಖದ ಮೇಲೆ ಎಳೆದು ಕೂರಿಸಿದರೆ ಅದು ಮೂಗು ಕೆನ್ನೆಯ ಆಕಾರಕ್ಕೇ ಗಟ್ಟಿಯಾಗುತ್ತದೆ. ತಲೆ ಕೂದಲೆಳೆಯಷ್ಟೂ ಅಲುಗಬಾರದೆಂದು ಅದನ್ನು ಮಂಚಕ್ಕೆ ಬಿಗಿಯುತ್ತಾರೆ. ಲೆಕ್ಕ ಹಾಕಿ ಯಂತ್ರಕ್ಕೆ ತಿಳಿಸಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನ ಕುಸುಮಕ್ಕ ಮತ್ತು ನಾನು ಒಂದೇ ಕೋಣೆಯಲ್ಲಿ, ಬೇಕಾದಷ್ಟೇ ಮಾತಾಡಿಕೊಂಡು, ಒಬ್ಬರ ಸೀರೆ ಇನ್ನೊಬ್ಬರು ಮಡಚಿಟ್ಟುಕೊಂಡು ಕಳೆದೆವು.

ಸೋಮವಾರ ಕಿರಣ ಶುರುವಾಯಿತು. ಯಂತ್ರದ ಪಕ್ಕದ ಕೋಣೆಯಲ್ಲಿ ಪರದೆ ನೋಡುತ್ತ ಒಬ್ಬರು ಮಾತ್ರ ಕೂಡಬಹುದು ಎಂದಳು ಅಲ್ಲಿಯ ಹುಡುಗಿ. ನಮ್ಮವರು ನಮ್ಮಿಬ್ಬರನ್ನೂ ನೋಡಿ, ಆರಿಸುವ ಕೆಲಸ ನಮಗೇ ಬಿಟ್ಟು ಒಳಗೆ ಹೋದರು. ಆ ದಿನವೂ ಮರುದಿನವೂ ಕುಸುಮಕ್ಕ ಕೂತರು. ಮೂರನೆಯ ದಿನ ನಾನು ಕೇಳದೆಯೇ ಮೊದಲು ಹೋಗಿ ಕುರ್ಚಿ ಹಿಡಿದೆ. ಪರದೆಯಲ್ಲಿ ಅವರು ಬಿಳಿ ಜಾಳಿಗೆಯ ಕೆಳಗೆ ಮಲಗಿದ್ದರು. ಯಂತ್ರದ ತೋಳು ಸದ್ದಿಲ್ಲದೆ ಅವರ ಸುತ್ತ ತಿರುಗುತ್ತಿತ್ತು. ಬೆಂಕಿಯಿಲ್ಲ, ಬೆಳಕಿಲ್ಲ, ನೋವೂ ಇಲ್ಲವಂತೆ. ಅಲುಗಾಡುತ್ತಿದ್ದದ್ದು ಅವರ ಬಲಗೈ ಹೆಬ್ಬೆರಳೊಂದೇ. ಬೆರಳ ಗೆಣ್ಣುಗಳ ಮೇಲೆ ಣಮೋಕಾರ ಮಂತ್ರ ಎಣಿಸುತ್ತಿದ್ದರು. ಎರಡು ದಿನ ಇದನ್ನು ಕುಸುಮಕ್ಕ ಒಬ್ಬರೇ ನೋಡಿದ್ದಾರೆ ಎನಿಸಿ ನನಗೆ ಅಳು ಬಂತು. ಅಳು ಅವರಿಗಾಗಿ ಅಲ್ಲ, ಆ ಎರಡು ದಿನಕ್ಕಾಗಿ.

ಶನಿವಾರ ರೈಲಿನಲ್ಲಿ ಹಿಂದಿರುಗಿದೆವು. ಸುಸ್ತು ಬಿಟ್ಟರೆ ನಮ್ಮವರು ಚೆನ್ನಾಗಿದ್ದರು. ಮೂರರ ಸೀಟಿನಲ್ಲಿ ನಾನು ರೂಢಿಯಂತೆ ಎಡಕ್ಕೆ ಕೂತಾಗ ಕುಸುಮಕ್ಕ ಎದ್ದು ನಿಂತರು. "ನೀ ಈ ಕಡೆ ಬಾರವಾ," ಎಂದು ನನ್ನನ್ನು ಬಲಕ್ಕೆ ಕೂರಿಸಿ ತಾವು ಕಿವಿ ಇಲ್ಲದ ಕಡೆ ಹೋಗಿ ಕೂತರು. ನನಗೆ ಸಂತೋಷವಾಗಬೇಕಿತ್ತು. ದೊಡ್ಡ ಮನಸ್ಸಿನವಳೆನಿಸಿಕೊಳ್ಳುವ ಆ ಅವಕಾಶವನ್ನೂ ಅವರೇ ತೆಗೆದುಕೊಂಡರಲ್ಲ ಎಂದು ಕರಾಡದವರೆಗೆ ಕುದಿದೆ. ಎಡಕ್ಕೆ ಕೂತು ಅವರು ಒಂದೆರಡು ಸಲ ಏನೋ ಹೇಳಿದರು. ತಮ್ಮ ತಿರುಗಲಿಲ್ಲ. ಆಮೇಲೆ ಕಿಟಕಿಗೆ ಮುಖ ಮಾಡಿದರು. ಆ ಮುಖ ನನಗೆ ಗುರುತಿನದೇ ಆಗಿತ್ತು.

ಮೀರಜದಲ್ಲಿ ಇಳಿದು ಕಾಗವಾಡದ ಬಸ್ ಹಿಡಿದೆವು. ಕಾಗವಾಡದಲ್ಲಿ ಕುಸುಮಕ್ಕನನ್ನು ಶಿರಗುಪ್ಪಿಯ ಬಸ್ಸಿಗೆ ಹತ್ತಿಸಿದೆವು. ತಮ್ಮನ ತಲೆ ಸವರಿ, ಗುಳಿಗೆ ತಪ್ಪಿಸಬೇಡ ಎಂದು ಬಲಗಿವಿಗೆ ಹೇಳಿ, ನನಗೂ ಅದನ್ನೇ ಇನ್ನೊಮ್ಮೆ ಹೇಳಿ ಹೋದರು. ನಾವು ಐನಾಪುರದ ಬಸ್ ಹತ್ತಿದೆವು. ರಸ್ತೆಯ ಎರಡೂ ಕಡೆ ದ್ರಾಕ್ಷಿ ಒಣಹಾಕಿದ ಶೆಡ್ಡುಗಳ ಹುಳಿಸಿಹಿ ವಾಸನೆ ಬರುತ್ತಿತ್ತು. ಎರಡು ಫರ್ಲಾಂಗು ಹೋಗಿರಬೇಕು, ನಮ್ಮವರು ನನ್ನ ಕಡೆ ವಾಲಿದರು.

"ಶೋಭಾ, ಎಡಗಲ್ಲ ಜೋಮು ಹಿಡಿದಂಗ ಆಗೈತಿ. ನಿನ್ನಿ ಸಂಜಿಯಿಂದ."

ಅಕ್ಕಾರಿಗೆ ಹೇಳೀರೇನು ಎಂದು ಕೇಳಿದೆ. ಅದು ಮೊದಲು ಕೇಳಬೇಕಾದ ಪ್ರಶ್ನೆಯಲ್ಲ. ಆದರೆ ಬಾಯಿಗೆ ಬಂದದ್ದು ಅದೇ.

"ಇಲ್ಲ. ನಿನಗ ಹೇಳಾಕತ್ತೇನಿ," ಎಂದರು.

ಆಸ್ಪತ್ರೆಯವರು ಕೊಟ್ಟ ನಂಬರಿಗೆ ಬಸ್ಸಿನಿಂದಲೇ ಫೋನು ಮಾಡಿದೆ. ನರ್ಸ್ ಡಾಕ್ಟರನ್ನು ಕೇಳಿ ಹೇಳಿದಳು: ಹೀಗಾಗುವುದುಂಟು, ಊತಕ್ಕೆ ಕೊಟ್ಟ ಗುಳಿಗೆ ನಡೆಯಲಿ, ನಾಳೆ ಬೆಳಿಗ್ಗೆ ಮತ್ತೆ ತಿಳಿಸಿ, ತಲೆನೋವು, ವಾಂತಿ, ಮುಖ ವಾಲುವುದು ಕಂಡರೆ ಮಾತ್ರ ಒಂದು ಗಳಿಗೆಯೂ ನಿಲ್ಲಬೇಡಿ. ಎಲ್ಲವನ್ನೂ ಲಕೋಟೆಯ ಮೇಲೆ ಬರೆದುಕೊಂಡೆ. ಬರೆದು ಮುಗಿಸುವಷ್ಟರಲ್ಲಿ ಕುಸುಮಕ್ಕನ ಫೋನು ಬಂತು. ಶಿರಗುಪ್ಪಿ ಮುಟ್ಟಿದ್ದರು. ತಮ್ಮ ಹೇಗಿದ್ದಾನೆ ಎಂದು ಕೇಳಿದರು.

"ಆರಾಮ ಅದಾರ್ರಿ ಅಕ್ಕಾರ," ಎಂದೆ.

ಮರುದಿನ ಅವರಿಗೆ ಹೇಳುವುದು ಇದ್ದೇ ಇತ್ತು, ಹೇಳಿದೆ ಕೂಡ. ಆದರೆ ಆ ಹೊತ್ತಿಗೆ ನನಗೆ ಹೆದರಿಕೆಗಿಂತ ಮೊದಲು ಖುಷಿಯಾಯಿತು. ಗಂಡನ ಗಲ್ಲ ಜೋಮು ಹಿಡಿದಿತ್ತು, ನಾನು ಒಳಗೊಳಗೇ ಹಿಗ್ಗಿದ್ದೆ. ಐನಾಪುರ ಬರುವವರೆಗೆ, ಒಂದು ತಾಸಿನಷ್ಟು ದಾರಿ, ಆ ಕೆಟ್ಟ ಸುದ್ದಿ ನನ್ನೊಬ್ಬಳದಾಗಿತ್ತು.